ಬ್ಯಾಲಟನ್ನು ಕೆಳಗಿನಿಂದ ಓದಿ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಪ್ರೈಮರಿ ಚುನಾವಣೆಯ ಸಮಗ್ರ ಮಾರ್ಗದರ್ಶಿ

ಅಮೆರಿಕದ ಸಿಟಿಜನ್‌ಶಿಪ್ ತೆಗೆದುಕೊಂಡ ನಮ್ಮವರಲ್ಲಿ ಬಹಳ ಮಂದಿ ನವೆಂಬರ್‌ನಲ್ಲಿ ತಪ್ಪದೆ ಓಟು ಹಾಕುತ್ತಾರೆ. ಅದಕ್ಕೂ ಮುಂಚಿನ ಸುತ್ತಾದ ಪ್ರೈಮರಿಯ ಬ್ಯಾಲಟ್ ಮಾತ್ರ ಜಾಹೀರಾತು ಕಾಗದಗಳ ಜೊತೆ ಅಡುಗೆಮನೆ ಕಟ್ಟೆಯ ಮೇಲೆ ಬಿದ್ದಿದ್ದು, ಜೂನ್ ಕಳೆದ ಮೇಲೆ ರೀಸೈಕಲ್ ಡಬ್ಬಿ ಸೇರುತ್ತದೆ. "ಅದು ಪಾರ್ಟಿಯವರ ಒಳಗಿನ ವ್ಯವಹಾರ, ನಿಜವಾದ ಎಲೆಕ್ಷನ್ ನವೆಂಬರ್‌ದು ತಾನೆ?" ಅನ್ನುವುದು ಎಲ್ಲರ ಸಮಜಾಯಿಷಿ.

ಕ್ಯಾಲಿಫೋರ್ನಿಯಾದಲ್ಲಿ ಈ ಲೆಕ್ಕ ತಲೆಕೆಳಗು. 2022ರ ಜೂನ್‌ನಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ ಜೆಫ್ ರೋಸೆನ್ ಪ್ರೈಮರಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದುಬಿಟ್ಟರು. ನವೆಂಬರ್ ಬ್ಯಾಲಟ್‌ನಲ್ಲಿ ಆ ಹುದ್ದೆಯ ಸಾಲೇ ಇರಲಿಲ್ಲ. ಯಾರ ಮೇಲೆ ಕೇಸು ಹಾಕಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಆ ಕುರ್ಚಿಯ ಅವಧಿ ಆ ಸಲ ಆರು ವರ್ಷ. ರಾಜ್ಯದಲ್ಲಿ ಆ ಜೂನ್‌ನಲ್ಲಿ ಓಟು ಹಾಕಿದ್ದು ನೋಂದಾಯಿತ ಮತದಾರರ ಪೈಕಿ ಮೂವರಲ್ಲಿ ಒಬ್ಬರು. 2014ರ ಜೂನ್‌ನಲ್ಲಂತೂ ನಾಲ್ವರಲ್ಲಿ ಒಬ್ಬರು.

ಹಾಗಾಗಿ ಈ ಬರಹದ ಒತ್ತು ರಾಜ್ಯ ಮತ್ತು ಸ್ಥಳೀಯ ಹುದ್ದೆಗಳ ಮೇಲೆ. ಬೇ ಏರಿಯಾದ ಉದಾಹರಣೆಗಳು ಹೆಚ್ಚಿವೆ. ನಮ್ಮವರು ಹೆಚ್ಚಾಗಿರುವುದೂ ಅಲ್ಲೇ. ಬೇರೆ ರಾಜ್ಯಗಳಲ್ಲಿರುವವರಿಗೆ ಕೊನೆಯ ಹತ್ತಿರ ಒಂದು ಭಾಗ ಇದೆ.

ಹೆಜ್ಜೆ 1: ಮೊದಲು ನಿಮಗೆ ಹಕ್ಕಿದೆಯೇ ನೋಡಿ

ಎಚ್-1ಬಿ, ಎಲ್-1, ಗ್ರೀನ್ ಕಾರ್ಡ್ ಯಾವುದರಲ್ಲಿದ್ದರೂ ಮತದಾರರಾಗಿ ನೋಂದಾಯಿಸಬೇಡಿ. ಡಿಎಂವಿಯಲ್ಲಿ ಲೈಸೆನ್ಸ್ ನವೀಕರಿಸುವಾಗ ಪರದೆಯ ಮೇಲೆ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಹಿಂದೆ ಸರದಿಯಲ್ಲಿರುವವರ ಗಡಿಬಿಡಿಗೆ "ಯೆಸ್" ಒತ್ತಿದರೆ ಮುಂದೆ ಸಿಟಿಜನ್‌ಶಿಪ್ ಸಂದರ್ಶನದಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ನಾಗರಿಕರಲ್ಲದವರು ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಗಡೀಪಾರಿಗೂ ಕಾರಣ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಗರಿಕರಲ್ಲದ ಪೋಷಕರು ಶಾಲಾ ಮಂಡಳಿಯ ಚುನಾವಣೆಗೆ ಮತ ಹಾಕಬಹುದು ಎಂಬ ನಿಯಮ 2016ರಲ್ಲಿ ಬಂದಿದೆ. ಅದನ್ನು ಬಳಸುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಿ.

ದೇಣಿಗೆಯ ವಿಷಯ ಬೇರೆ. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ಹಣ ಕೊಡಬಹುದು. ವೀಸಾದಲ್ಲಿರುವವರು ಯಾವ ಮಟ್ಟದ ಚುನಾವಣೆಗೂ ಒಂದು ಡಾಲರ್ ಕೂಡ ಕೊಡುವಂತಿಲ್ಲ; ಗೆಳೆಯರ ಮನೆಯ ಫಂಡ್‌ರೈಸರ್‌ಗೆ ಹೋಗಿ "ನನ್ನದೂ ಒಂದು ಇಪ್ಪತ್ತೈದು" ಎಂದು ಕಾರ್ಡ್ ತೆಗೆಯುವ ಮುಂಚೆ ಇದು ನೆನಪಿರಲಿ. ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ.

ನಾಗರಿಕರಾದವರು ರಾಜ್ಯದ ಜಾಲತಾಣದಲ್ಲಿ ಹತ್ತು ನಿಮಿಷದಲ್ಲಿ ನೋಂದಾಯಿಸಬಹುದು. ಗಡುವು ಚುನಾವಣೆಗೆ 15 ದಿನ ಮೊದಲು. ಅದು ಮೀರಿದರೂ ಕೌಂಟಿಯ ಚುನಾವಣಾ ಕಚೇರಿಗೋ ಮತಕೇಂದ್ರಕ್ಕೋ ಖುದ್ದಾಗಿ ಹೋದರೆ ಚುನಾವಣೆಯ ದಿನವೂ ನೋಂದಾಯಿಸಿ ಅಲ್ಲೇ ಮತ ಹಾಕಬಹುದು. ಮನೆ ಬದಲಿಸಿದ್ದರೆ ಹೊಸ ವಿಳಾಸ ಕೊಡಿ: ಸನ್ನಿವೇಲ್‌ನಿಂದ ಫ್ರೀಮಾಂಟ್‌ಗೆ ಹೋದರೆ ಕೌಂಟಿಯೇ ಬದಲಾಗುತ್ತದೆ, ಬ್ಯಾಲಟ್ ಪೂರ್ತಿ ಬೇರೆ.

ಹೆಜ್ಜೆ 2: ಪಾರ್ಟಿಯ ಕಾಲಂ ಹುಷಾರಾಗಿ ತುಂಬಿ

ಯಾವ ಪಕ್ಷಕ್ಕೂ ಸೇರದವರು "ನೋ ಪಾರ್ಟಿ ಪ್ರಿಫರೆನ್ಸ್" ಆಯ್ಕೆ ಮಾಡಬೇಕು. "ನಾನು ಇಂಡಿಪೆಂಡೆಂಟ್" ಅಂದುಕೊಂಡು ಪಟ್ಟಿಯಲ್ಲಿ ಆ ಪದ ಕಂಡ ಕಡೆ ಟಿಕ್ ಹಾಕಿದವರು ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿಯ ಸದಸ್ಯರಾಗಿ ಕೂತಿರುತ್ತಾರೆ. ವರ್ಣಭೇದವನ್ನು ಸಮರ್ಥಿಸುತ್ತಿದ್ದ ಜಾರ್ಜ್ ವಾಲೆಸ್ 1968ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತದ್ದು ಆ ಪಕ್ಷದಿಂದ. ನಿಮ್ಮ ನೋಂದಣಿ ಹೇಗಿದೆ ಎಂದು ರಾಜ್ಯದ ಜಾಲತಾಣದಲ್ಲಿ ಒಮ್ಮೆ ನೋಡಿಬಿಡಿ.

ರಾಜ್ಯದ ಹುದ್ದೆಗಳಿಗೆ ಮತ ಹಾಕಲು ನೀವು ಯಾವ ಪಕ್ಷ ಎಂಬುದು ಲೆಕ್ಕಕ್ಕಿಲ್ಲ. ಅಧ್ಯಕ್ಷೀಯ ಪ್ರೈಮರಿಗೆ ಮಾತ್ರ ಬೇಕು: 2024ರಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಬ್ಯಾಲಟ್ ಆ ಪಕ್ಷಕ್ಕೆ ನೋಂದಾಯಿಸಿದವರಿಗಷ್ಟೇ ಸಿಕ್ಕಿತು, ಡೆಮಾಕ್ರಟಿಕ್ ಬ್ಯಾಲಟ್ ಪಕ್ಷರಹಿತರು ಕೇಳಿದರೆ ಸಿಕ್ಕಿತು.

ಹೆಜ್ಜೆ 3: ಇಲ್ಲಿನ ಆಟದ ನಿಯಮ ತಿಳಿಯಿರಿ

ಊರಲ್ಲಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವುದು ಹೈಕಮಾಂಡ್. ಆಕಾಂಕ್ಷಿಗಳು ದೆಹಲಿಗೆ ಓಡಾಡುತ್ತಾರೆ, ಕೊನೇ ಗಳಿಗೆಯಲ್ಲಿ ಬಿ ಫಾರಂ ಸಿಕ್ಕವನು ಅಭ್ಯರ್ಥಿ, ಸಿಗದವನು ಬಂಡಾಯ. ಅಮೆರಿಕದಲ್ಲಿ ಆ ಬಿ ಫಾರಂ ಹಂಚುವ ಕೆಲಸ ಮತದಾರರದು, ಅದಕ್ಕೆ ಇಟ್ಟಿರುವ ಸುತ್ತೇ ಪ್ರೈಮರಿ.

ಕ್ಯಾಲಿಫೋರ್ನಿಯಾ ಇದನ್ನೂ ತಿರುಗಿಸಿದೆ. 2010ರ ಜೂನ್‌ನಲ್ಲಿ ಮತದಾರರು ಬ್ಯಾಲಟ್‌ನಲ್ಲಿ ಮತಕ್ಕೆ ಬಂದ ಪ್ರಾಪೊಸಿಷನ್ 14 ಎಂಬ ಪ್ರಸ್ತಾಪವನ್ನು ಒಪ್ಪಿದ ಮೇಲೆ ಗವರ್ನರ್, ರಾಜ್ಯ ಸೆನೆಟ್, ಅಸೆಂಬ್ಲಿ, ಕಾಂಗ್ರೆಸ್ ಮುಂತಾದ ಹುದ್ದೆಗಳಿಗೆ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಒಬ್ಬರಿಗೆ ಶೇ 70 ಬಂದರೂ ಎರಡನೇ ಸುತ್ತು ತಪ್ಪದು.

ಕೌಂಟಿ ಸೂಪರ್‌ವೈಸರ್, ತೆರಿಗೆಗೆ ಆಸ್ತಿಯ ಮೌಲ್ಯ ಕಟ್ಟುವ ಅಸೆಸರ್, ಡಿಸ್ಟ್ರಿಕ್ಟ್ ಅಟಾರ್ನಿ, ಶೆರಿಫ್, ಸುಪೀರಿಯರ್ ಕೋರ್ಟ್ ಜಡ್ಜ್ ಇವೆಲ್ಲ ಪಕ್ಷರಹಿತ. ಇಲ್ಲಿ ನಿಯಮ ಬೇರೆ: ಪ್ರೈಮರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂದರೆ ಕಥೆ ಮುಗಿಯಿತು. ಕಣದಲ್ಲಿ ಇಬ್ಬರೇ ಇದ್ದರೆ ಪ್ರೈಮರಿಯಲ್ಲೇ ಮುಗಿಯುತ್ತದೆ ಎಂದೇ ಅರ್ಥ.

ಪ್ರೈಮರಿಯ ತಿಂಗಳೂ ಬದಲಾಗುತ್ತಿರುತ್ತದೆ. ಅಧ್ಯಕ್ಷೀಯ ಚುನಾವಣೆ ಇರುವ ವರ್ಷ ಮಾರ್ಚ್, ಉಳಿದ ಸಮಸಂಖ್ಯೆಯ ವರ್ಷಗಳಲ್ಲಿ ಜೂನ್. ಡಿಸ್ಟ್ರಿಕ್ಟ್ ಅಟಾರ್ನಿ ಮತ್ತು ಶೆರಿಫ್ ಚುನಾವಣೆಗಳನ್ನು ಹೆಚ್ಚು ಜನ ಮತ ಹಾಕುವ ಅಧ್ಯಕ್ಷೀಯ ವರ್ಷಕ್ಕೆ ಸೇರಿಸಬೇಕೆಂದು ಕಾನೂನು ಬಂದದ್ದರಿಂದಲೇ 2022ರಲ್ಲಿ ಗೆದ್ದವರಿಗೆ ಎರಡು ವರ್ಷ ಹೆಚ್ಚಿಗೆ ಸಿಕ್ಕಿತು. ಬಹುತೇಕ ಕೌಂಟಿಗಳಲ್ಲಿ ಅವರ ಮುಂದಿನ ಚುನಾವಣೆ 2028ಕ್ಕೆ. ನಗರಗಳದ್ದು ಇನ್ನೊಂದು ದಾರಿ: ಸ್ಯಾನ್ ಹೋಸೆ ಕೌನ್ಸಿಲ್‌ಗೆ ಪ್ರೈಮರಿ ಸುತ್ತು ಇದೆ, ಸನ್ನಿವೇಲ್, ಕ್ಯುಪರ್ಟಿನೋ, ಫ್ರೀಮಾಂಟ್‌ಗಳಿಗೆ ನವೆಂಬರ್ ಒಂದೇ.

ಹೆಜ್ಜೆ 4: ಮತ ವಿಭಜನೆಯ ಲೆಕ್ಕ ಹಾಕಿ

"ನನಗೆ ಇಷ್ಟವಾದವರಿಗೆ ಹಾಕ್ತೀನಿ" ಅನ್ನುವುದು ಒಳ್ಳೆಯದೇ. ಆದರೆ ಮೊದಲ ಇಬ್ಬರ ಪದ್ಧತಿಯಲ್ಲಿ ಎಷ್ಟು ಮಂದಿ ನಿಂತಿದ್ದಾರೆ ಎಂಬುದೂ ಅಷ್ಟೇ ಮುಖ್ಯ.

2012ರಲ್ಲಿ ಸ್ಯಾನ್ ಬರ್ನಾರ್ಡಿನೋ ಸುತ್ತಲಿನ 31ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ನಡೆದದ್ದನ್ನು ಇಲ್ಲಿನ ರಾಜಕಾರಣಿಗಳು ಇಂದಿಗೂ ಹೇಳುತ್ತಾರೆ. ಡೆಮಾಕ್ರಟರ ಕಡೆ ಒಲವಿದ್ದ ಕ್ಷೇತ್ರ ಅದು. ಆ ಪಕ್ಷದಿಂದ ನಾಲ್ವರು ನಿಂತು ಮತ ಹರಿದು ಹಂಚಿಹೋಯಿತು. ರಿಪಬ್ಲಿಕನ್ನರು ಇಬ್ಬರೇ ಇದ್ದರು, ಗ್ಯಾರಿ ಮಿಲ್ಲರ್ ಮತ್ತು ಬಾಬ್ ಡಟನ್. ಆ ಇಬ್ಬರೇ ನವೆಂಬರ್‌ಗೆ ಹೋದರು. ಡೆಮಾಕ್ರಟಿಕ್ ಮತದಾರರಿಗೆ ಬ್ಯಾಲಟ್‌ನಲ್ಲಿ ತಮ್ಮವರೇ ಇಲ್ಲದಂತಾಯಿತು.

2024ರ ಮಾರ್ಚ್‌ನಲ್ಲಿ ಇದೇ ಲೆಕ್ಕವನ್ನು ಇನ್ನೊಂದು ರೀತಿ ಬಳಸಿದರು. ಅಮೆರಿಕ ಸೆನೆಟ್ ಸ್ಥಾನಕ್ಕೆ ಡೆಮಾಕ್ರಟ್ ಆಡಮ್ ಶಿಫ್ ಟಿವಿ ಜಾಹೀರಾತುಗಳಲ್ಲಿ ರಿಪಬ್ಲಿಕನ್ ಸ್ಟೀವ್ ಗಾರ್ವಿಯನ್ನು ಬೈಯುತ್ತಲೇ ಎಲ್ಲರಿಗೂ ಪರಿಚಯಿಸಿದರು. "ಕ್ಯಾಲಿಫೋರ್ನಿಯಾಗೆ ಈತ ತೀರಾ ಕನ್ಸರ್ವೇಟಿವ್" ಎಂಬ ಮಾತು ರಿಪಬ್ಲಿಕನ್ ಮತದಾರನ ಕಿವಿಗೆ ಹೊಗಳಿಕೆ. ಗಾರ್ವಿ ಎರಡನೆಯವರಾದರು, ಶಿಫ್‌ಗೆ ನಿಜವಾದ ಪೈಪೋಟಿ ಕೊಡಬಹುದಾಗಿದ್ದ ಸ್ವಪಕ್ಷದ ಕೇಟಿ ಪೋರ್ಟರ್ ಮೂರನೆಯವರಾಗಿ ಉಳಿದರು, ನವೆಂಬರ್ ಸಲೀಸಾಯಿತು. ಎದುರಾಳಿಯ ಫೋಟೋ ದೊಡ್ಡದಾಗಿರುವ ಜಾಹೀರಾತು ಕಂಡರೆ ಅದಕ್ಕೆ ಹಣ ಕೊಟ್ಟವರು ಯಾರೆಂದು ಮೊದಲು ನೋಡಿ.

ಒಂದು ಓಟಿನಿಂದ ಏನಾಗುತ್ತದೆ ಅನ್ನುವವರಿಗೆ ನಮ್ಮ ಪಕ್ಕದ್ದೇ ಉತ್ತರ ಇದೆ. ಅದೇ ಮಾರ್ಚ್‌ನಲ್ಲಿ 16ನೇ ಕಾಂಗ್ರೆಸ್ ಕ್ಷೇತ್ರಕ್ಕೆ ಸ್ಥಳೀಯ ರಾಜಕಾರಣದ ಮೂವರು ಘಟಾನುಘಟಿಗಳು ನಿಂತಿದ್ದರು: ಸ್ಯಾನ್ ಹೋಸೆಯ ಮಾಜಿ ಮೇಯರ್ ಸ್ಯಾಮ್ ಲಿಕಾರ್ಡೊ, ಅಸೆಂಬ್ಲಿ ಸದಸ್ಯ ಇವಾನ್ ಲೋ, ಕೌಂಟಿ ಸೂಪರ್‌ವೈಸರ್ ಜೋ ಸಿಮಿಟಿಯನ್. ಲಿಕಾರ್ಡೊ ಮೊದಲಿಗರು. ಲೋ ಮತ್ತು ಸಿಮಿಟಿಯನ್ ಇಬ್ಬರಿಗೂ ಬಂದದ್ದು 30,249. ಒಂದು ಮತವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವರೂ ನವೆಂಬರ್‌ಗೆ ಹೋಗುವ ಅಪರೂಪದ ಸ್ಥಿತಿ ಬಂತು. ಆಮೇಲೆ ಮರು ಎಣಿಕೆಯ ಕೋರಿಕೆ ಬಂದು, ಬ್ಯಾಲಟ್‌ಗಳನ್ನು ಮತ್ತೆ ಎಣಿಸಿ ಮುಗಿಸುವ ಹೊತ್ತಿಗೆ ಮೇ ತಿಂಗಳು. ಲೋ ಐದು ಮತಗಳಿಂದ ಮುಂದೆ ಬಂದರು. ಮೂವತ್ತು ವರ್ಷಕ್ಕೊಮ್ಮೆ ಖಾಲಿಯಾದ ಸೀಟಿಗೆ ಸಿಮಿಟಿಯನ್ ಹೀಗೆ ಐದು ಮತಗಳಿಂದ ದೂರ ಉಳಿದರು. ಐದು ಮತ ಅಂದರೆ ನಮ್ಮಲ್ಲಿ ಅಜ್ಜ ಅಜ್ಜಿ ಸೇರಿದ ಒಂದು ಮನೆ.

ಹೆಜ್ಜೆ 5: ಬ್ಯಾಲಟನ್ನು ಕೊನೆಯಿಂದ ತುಂಬಿ

ಬ್ಯಾಲಟ್ ಬರುವುದು ಚುನಾವಣೆಗೆ ಸುಮಾರು ನಾಲ್ಕು ವಾರ ಮೊದಲು, ಪ್ರತಿಯೊಬ್ಬ ನೋಂದಾಯಿತ ಮತದಾರರ ಮನೆಗೆ. ಗವರ್ನರ್ ಪಟ್ಟಿಯಿಂದ ಶುರು ಮಾಡಿದರೆ ಸುಸ್ತಾಗುತ್ತದೆ; 2018ರ ಜೂನ್‌ನಲ್ಲಿ ಗವರ್ನರ್ ಹುದ್ದೆಗೇ 27 ಹೆಸರುಗಳಿದ್ದವು. ಆ ಸ್ಪರ್ಧೆಯ ಸುದ್ದಿ ಹೇಗೂ ಕಿವಿಗೆ ಬೀಳುತ್ತದೆ. ಕಡೆಯ ಪುಟಕ್ಕೆ ಹೋಗಿ.

ತೆರಿಗೆ ಪ್ರಸ್ತಾಪಗಳು ಅಲ್ಲಿರುತ್ತವೆ. ಬ್ಯಾಲಟ್ ಮೇಲಿನ ಪ್ರಶ್ನೆ 75 ಪದ ಮೀರುವಂತಿಲ್ಲ, ಹಾಗಾಗಿ ಆ 75ನ್ನೂ ಸಿಹಿ ಪದಗಳಿಂದಲೇ ತುಂಬಿರುತ್ತಾರೆ: ಶಾಲೆ, ಸುರಕ್ಷತೆ, ಗುಣಮಟ್ಟದ ಶಿಕ್ಷಕರು. ನೀವು ಹುಡುಕಬೇಕಾದ್ದು ಮೂರು ವಿವರ: ಎಷ್ಟು, ಎಷ್ಟು ವರ್ಷ, ಯಾವುದರ ಮೇಲೆ. ಶಾಲಾ ಬಾಂಡ್ (ಆಸ್ತಿ ತೆರಿಗೆಯಿಂದ ತೀರಿಸುವ ಶಾಲೆಯ ಸಾಲ) ಆದರೆ 1,00,000 ಡಾಲರ್ ಅಸೆಸ್ಡ್ ಮೌಲ್ಯಕ್ಕೆ, ಅಂದರೆ ತೆರಿಗೆಗೆಂದು ಕಟ್ಟಿದ ಮೌಲ್ಯಕ್ಕೆ, ಇಷ್ಟು ಡಾಲರ್ ಎಂದು ಕೊಟ್ಟಿರುತ್ತಾರೆ. ಉದಾಹರಣೆಗೆ 30 ಡಾಲರ್ ಅಂದರೆ, 15,00,000 ಅಸೆಸ್ಡ್ ಮೌಲ್ಯದ ಮನೆಗೆ ವರ್ಷಕ್ಕೆ 450. ಜಿಲ್ಲೋ ಜಾಲತಾಣ ತೋರಿಸುವ ಮಾರುಕಟ್ಟೆ ಬೆಲೆ ಹಿಡಿದು ಗಾಬರಿಯಾಗಬೇಡಿ, ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿರುವ ಮೌಲ್ಯ ಹಿಡಿಯಿರಿ. 1978ರ ಪ್ರಾಪೊಸಿಷನ್ 13 ಪ್ರಕಾರ ಅದು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವುದಿಲ್ಲವಾದ್ದರಿಂದ, ಇಪ್ಪತ್ತು ವರ್ಷದ ಹಿಂದೆ ಕೊಂಡವರಿಗೂ ಹೋದ ವರ್ಷ ಕೊಂಡವರಿಗೂ ಪಕ್ಕಪಕ್ಕದ ಮನೆಯಲ್ಲೇ ಅಜಗಜಾಂತರ. ಬಾಂಡ್ ಬೇಕೇ ಬೇಡವೇ ಎಂಬ ಜಗಳದಲ್ಲಿ ಅರ್ಧ ಹುಟ್ಟುವುದು ಈ ವ್ಯತ್ಯಾಸದಿಂದ. ಶಾಲಾ ಬಾಂಡ್ ಗೆಲ್ಲಲು ಶೇ 55 ಸಾಕು, ಮೌಲ್ಯ ನೋಡದೆ ಪ್ರತಿ ಆಸ್ತಿಗೆ ಹಾಕುವ ಶಾಲೆಗಳ ಪಾರ್ಸೆಲ್ ಟ್ಯಾಕ್ಸ್‌ಗೆ ಮೂರರಲ್ಲಿ ಎರಡು ಭಾಗ ಬೇಕು. ಕೌಂಟಿ ಕಳಿಸುವ ಪುಸ್ತಿಕೆಯಲ್ಲಿ ಸರ್ಕಾರಿ ವಕೀಲರ ನಿಷ್ಪಕ್ಷಪಾತ ವಿಶ್ಲೇಷಣೆ ಇರುತ್ತದೆ. ಪರ-ವಿರೋಧ ವಾದ ಓದುವ ಮುಂಚೆ ಅದನ್ನು ಓದಿ. ವಾದಗಳ ಕೆಳಗೆ ಸಹಿ ಹಾಕಿದವರು ಯಾರೆಂದೂ ನೋಡಿ.

ಆಮೇಲೆ ಕೌಂಟಿ ಸೂಪರ್‌ವೈಸರ್. ಸಾಂಟಾ ಕ್ಲಾರಾ ಕೌಂಟಿಯ ಸುಮಾರು 19 ಲಕ್ಷ ಜನಕ್ಕೆ ಐದೇ ಮಂದಿ. ಕೌಂಟಿ ಆಸ್ಪತ್ರೆಗಳು, ಜೈಲು, ಆರೋಗ್ಯ ಇಲಾಖೆ, ಸ್ವತಃ ಈ ಚುನಾವಣೆ ನಡೆಸುವ ಕಚೇರಿಯ ಬಜೆಟ್ ಅವರ ಕೈಯಲ್ಲಿ. 2025ರ ನವೆಂಬರ್‌ನಲ್ಲಿ ಕೌಂಟಿಯ ಮತದಾರರು ಮೆಷರ್ ಎ ಎಂಬ ತೆರಿಗೆ ಪ್ರಸ್ತಾಪ ಒಪ್ಪಿ ಮಾರಾಟ ತೆರಿಗೆಯನ್ನು ಡಾಲರ್‌ಗೆ 5/8 ಸೆಂಟ್ ಏರಿಸಿಕೊಂಡರು. ಆ ಹಣ ಹೇಗೆ ಖರ್ಚಾಗುತ್ತದೆ ಎಂದು ಅಭ್ಯರ್ಥಿಯನ್ನು ಕೇಳಲು ಪ್ರೈಮರಿಗಿಂತ ಒಳ್ಳೆಯ ಕಾಲವಿಲ್ಲ.

ಜಡ್ಜ್ ಸ್ಥಾನಗಳಲ್ಲಿ ನಾನು ಕಂಡಂತೆ ಬಹಳ ಮಂದಿ ಖಾಲಿ ಬಿಡುತ್ತಾರೆ, ಇಲ್ಲವೇ ಕೇಳಲು ಚೆನ್ನಾಗಿರುವ ಹೆಸರಿಗೆ ಗುರುತು ಹಾಕುತ್ತಾರೆ. ಎದುರಾಳಿಯಿಲ್ಲದ ಹಾಲಿ ಜಡ್ಜ್ ಹೆಸರು ಬ್ಯಾಲಟ್‌ಗೆ ಬರುವುದೇ ಇಲ್ಲ. ಹೆಸರು ಬಂದಿದೆ ಅಂದರೆ ಸ್ಪರ್ಧೆ ಇದೆ ಎಂದೇ ಅರ್ಥ. ಲಾಸ್ ಏಂಜಲೀಸ್ ಕೌಂಟಿಯ ವಕೀಲರ ಸಂಘ (ಬಾರ್ ಅಸೋಸಿಯೇಷನ್) ಅಭ್ಯರ್ಥಿಗಳಿಗೆ ಅರ್ಹತೆಯ ಶ್ರೇಣಿ ಕೊಡುತ್ತದೆ, ಅಲ್ಲಿನವರಿಗೆ ಅದು ದೊಡ್ಡ ಉಪಕಾರ. ಜಡ್ಜ್ ಚುನಾವಣೆ ಸಪ್ಪೆ ಅನ್ನುವವರು 2018ರ ಜೂನ್ ನೆನಪಿಸಿಕೊಳ್ಳಲಿ: ಸ್ಟ್ಯಾನ್‌ಫರ್ಡ್ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ ಲಘು ಶಿಕ್ಷೆ ಕೊಟ್ಟ ಆರನ್ ಪರ್ಸ್ಕಿಯನ್ನು ಸಾಂಟಾ ಕ್ಲಾರಾ ಕೌಂಟಿಯ ಮತದಾರರು ಪ್ರೈಮರಿ ಬ್ಯಾಲಟ್‌ನಲ್ಲೇ ಪೀಠದಿಂದ ಇಳಿಸಿದರು.

ಇನ್ನು ರಾಜ್ಯ ಶಾಸಕಾಂಗ. ರಾಜ್ಯ ಸೆನೆಟ್‌ನಲ್ಲಿ 40, ಅಸೆಂಬ್ಲಿಯಲ್ಲಿ 80 ಸ್ಥಾನ. ಒಂದು ರಾಜ್ಯ ಸೆನೆಟ್ ಕ್ಷೇತ್ರದಲ್ಲಿ ಹತ್ತಿರ ಹತ್ತು ಲಕ್ಷ ಜನ, ವಾಷಿಂಗ್ಟನ್‌ಗೆ ಹೋಗುವವರ ಕ್ಷೇತ್ರಕ್ಕಿಂತ ದೊಡ್ಡದು. ಆದರೂ ತಮ್ಮ ಸ್ಟೇಟ್ ಸೆನೆಟರ್ ಯಾರೆಂದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದು 2023ರಲ್ಲಿ, ಜಾತಿ ತಾರತಮ್ಯ ನಿಷೇಧಿಸುವ ಎಸ್‌ಬಿ 403 ಮಸೂದೆ ಬಂದಾಗ. ಪರ ಇದ್ದವರೂ ವಿರೋಧ ಇದ್ದವರೂ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗಿ ಸರದಿಯಲ್ಲಿ ನಿಂತರು, ವಾಟ್ಸ್ಆ್ಯಪ್ ಗುಂಪುಗಳು ಒಡೆದವು, ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು, ಕೊನೆಗೆ ಗವರ್ನರ್ ನ್ಯೂಸಮ್ ಅಕ್ಟೋಬರ್‌ನಲ್ಲಿ ತಡೆದರು. ಅದನ್ನು ಮಂಡಿಸಿದ ಆಯಿಷಾ ವಹಾಬ್ ಹಿಂದಿನ ವರ್ಷವಷ್ಟೇ ಫ್ರೀಮಾಂಟ್, ಹೇವರ್ಡ್ ಕಡೆಯ 10ನೇ ಕ್ಷೇತ್ರದಿಂದ ಗೆದ್ದಿದ್ದರು. 2022ರ ಜೂನ್ ಪ್ರೈಮರಿಯಿಂದ ನವೆಂಬರ್‌ಗೆ ಹೋದವರು ಅವರು ಮತ್ತು ಫ್ರೀಮಾಂಟ್ ಮೇಯರ್ ಲಿಲಿ ಮೇ, ಇಬ್ಬರೂ ಡೆಮಾಕ್ರಟರು. ಯಾವ ಪಕ್ಷದಲ್ಲಿದ್ದರೂ ಆ ಕ್ಷೇತ್ರದ ಮತದಾರ ಮಾತು ಹೇಳಬೇಕಿದ್ದ ಹೊತ್ತು ಅದು.

ಒಂದು ಎಚ್ಚರಿಕೆ: 2025ರ ನವೆಂಬರ್‌ನಲ್ಲಿ ಪ್ರಾಪೊಸಿಷನ್ 50 ಗೆದ್ದಮೇಲೆ ಕಾಂಗ್ರೆಸ್ ಕ್ಷೇತ್ರಗಳ ಗಡಿ ಬದಲಾಗಿದೆ. ರಾಜ್ಯ ಸೆನೆಟ್, ಅಸೆಂಬ್ಲಿ ಗಡಿ ಹಾಗೆಯೇ ಇದೆ. ಹಳೆಯ ನೆನಪಿನ ಮೇಲೆ ಹೋಗದೆ ವಿಳಾಸ ಹಾಕಿ ನೋಡಿಕೊಳ್ಳಿ.

ಹೆಜ್ಜೆ 6: ಮನೆಗೆ ಬರುವ ಕಾಗದಗಳನ್ನು ಓದುವ ಬಗೆ

ಕಡೆಯ ಮೂರು ವಾರ ಅಂಚೆ ಪೆಟ್ಟಿಗೆ ತುಂಬಿ ತುಳುಕುತ್ತದೆ. ಇದರಲ್ಲಿ ಅತಿ ಹೆಚ್ಚು ಮೋಸ ಹೋಗುವುದು ಸ್ಲೇಟ್ ಮೇಲರ್ ಎಂಬ ಕರಪತ್ರಕ್ಕೆ. "ಡೆಮಾಕ್ರಟಿಕ್ ಮತದಾರರ ಕೈಪಿಡಿ" ಎಂದೋ, ಅಗ್ನಿಶಾಮಕರ, ಹಿರಿಯ ನಾಗರಿಕರ ಹೆಸರಲ್ಲೋ ದಪ್ಪ ಅಕ್ಷರದ ತಲೆಬರಹ, ಧ್ವಜದ ಚಿತ್ರ, ಪ್ರತಿ ಹುದ್ದೆಗೂ ಒಂದು ಹೆಸರು. ಪಕ್ಷವೇ ಕಳಿಸಿದಂತೆ ಕಾಣುತ್ತದೆ. ಈಗ ಹೆಸರುಗಳ ಪಕ್ಕ ನೋಡಿ: ಕೆಲವಕ್ಕೆ ಸಣ್ಣ ನಕ್ಷತ್ರ ಚಿಹ್ನೆ ಇರುತ್ತದೆ. ಕೆಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ, ನಕ್ಷತ್ರ ಇರುವವರು ಜಾಗಕ್ಕೆ ದುಡ್ಡು ಕೊಟ್ಟಿದ್ದಾರೆ ಅಂತ. ನಕ್ಷತ್ರ ಇಲ್ಲದ ಜನಪ್ರಿಯ ಹೆಸರುಗಳನ್ನು ಪುಕ್ಕಟೆ ಹಾಕಿರುವುದು ನಂಬಿಕೆ ಹುಟ್ಟಿಸಲು. ಇದು ಕಾನೂನುಬದ್ಧ ವ್ಯಾಪಾರವೇ, ಶಿಫಾರಸು ಎಂದು ಓದಬೇಡಿ.

ಬ್ಯಾಲಟ್‌ನಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ ಮೂರು ಪದ ಮೀರದ ವೃತ್ತಿಯ ವಿವರ ಇರುತ್ತದೆ. ಆ ಮೂರು ಪದಕ್ಕೆ ಕೋರ್ಟಿನಲ್ಲಿ ಜಗಳಗಳಾಗುತ್ತವೆ, ಏಕೆಂದರೆ ಬಹಳ ಮತದಾರರು ಓದುವುದು ಅಷ್ಟನ್ನೇ. ವಾರಕ್ಕೊಂದು ಕ್ಲಾಸ್ ತೆಗೆದುಕೊಳ್ಳುವವರಿಗೂ "ಶಿಕ್ಷಕ" ಅನಿಸಿಕೊಳ್ಳುವ ಆಸೆ. ಪುಸ್ತಿಕೆಯಲ್ಲಿ ಯಾರದ್ದಾದರೂ ಹೇಳಿಕೆ ಇಲ್ಲದಿದ್ದರೆ ಅವರಿಗೆ ಆಸಕ್ತಿಯಿಲ್ಲ ಎಂದೇನಲ್ಲ. ಸ್ಥಳೀಯ ಅಭ್ಯರ್ಥಿಗಳು ಆ ಜಾಗಕ್ಕೆ ಕೈಯಿಂದ ಹಣ ಕಟ್ಟಬೇಕು. ಹೆಸರುಗಳ ಕ್ರಮಕ್ಕೂ ಅರ್ಥ ಹುಡುಕಬೇಡಿ, ಅಕ್ಷರಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ ನಿರ್ಧರಿಸುತ್ತಾರೆ.

ಹಣ ಎಲ್ಲಿಂದ ಬಂತೆಂದು ನೋಡುವುದು ಅಂದುಕೊಂಡಷ್ಟು ಕಷ್ಟವಲ್ಲ. ರಾಜ್ಯದ ಹುದ್ದೆಗಳಿಗೆ ಕ್ಯಾಲ್-ಆ್ಯಕ್ಸೆಸ್ ಎಂಬ ಜಾಲತಾಣ, ಸ್ಥಳೀಯ ಹುದ್ದೆಗಳಿಗೆ ನಗರ ಅಥವಾ ಕೌಂಟಿಯ ಜಾಲತಾಣ. ಫಾರ್ಮ್ 460 ತೆರೆಯಿರಿ, ಅದರ ಶೆಡ್ಯೂಲ್ ಎಯಲ್ಲಿ ದಾನಿಗಳ ಹೆಸರು, ಉದ್ಯೋಗ, ಕೆಲಸ ಕೊಡುವ ಸಂಸ್ಥೆ ಎಲ್ಲ ಇದೆ. ಕಡೆಯ ತಿಂಗಳುಗಳಲ್ಲಿ 1,000 ಡಾಲರ್ ಮತ್ತು ಮೇಲ್ಪಟ್ಟ ದೇಣಿಗೆ ಬಂದರೆ 24 ಗಂಟೆಯೊಳಗೆ ಫಾರ್ಮ್ 497 ಸಲ್ಲಿಸಬೇಕು. ಬಿಲ್ಡರ್‌ಗಳ ಹಣ ಒಬ್ಬರ ಕಡೆ, ಯೂನಿಯನ್‌ಗಳ ಹಣ ಇನ್ನೊಬ್ಬರ ಕಡೆ ಹರಿದಿದ್ದು ಕಂಡರೆ ಅರ್ಧ ಪ್ರಣಾಳಿಕೆ ಓದಿದ ಹಾಗೆ.

ಹೆಜ್ಜೆ 7: ಅಭ್ಯರ್ಥಿಗಳನ್ನು ಮುಖತಃ ಕೇಳಿ

ಯುಗಾದಿ, ರಾಜ್ಯೋತ್ಸವದ ವೇದಿಕೆಗೆ ಸ್ಥಳೀಯ ರಾಜಕಾರಣಿಗಳು ಬರುವುದು ಹೊಸದಲ್ಲ. "ನಮಸ್ಕಾರಾ" ಎಂದು ಒತ್ತಿ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ, ಮೈಸೂರು ಪೇಟ, ಶಾಲು, ಫೋಟೋ, ಆಮೇಲೆ ಹೋಳಿಗೆ ಊಟದ ಸಾಲಿಗೂ ನಿಲ್ಲದೆ ಹೊರಟುಹೋಗುತ್ತಾರೆ. ಆ ಫೋಟೋ ಮರುವಾರದ ಕರಪತ್ರದಲ್ಲಿ "ಭಾರತೀಯ ಸಮುದಾಯದ ಬೆಂಬಲ" ಎಂದು ಬರುತ್ತದೆ. ಸಂಘದ ಪದಾಧಿಕಾರಿಗಳು ಗಮನಿಸಬೇಕು: 501(ಸಿ)(3) ಮಾನ್ಯತೆಯ ಸಂಘಗಳು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ, ತೆರಿಗೆ ವಿನಾಯಿತಿಗೇ ಕುತ್ತು. ಎಲ್ಲ ಅಭ್ಯರ್ಥಿಗಳನ್ನೂ ಸಮನಾಗಿ ಕರೆದು ಪ್ರಶ್ನೋತ್ತರ ನಡೆಸಬಹುದು, ನೋಂದಣಿ ಶಿಬಿರ ಮಾಡಬಹುದು. ಪೇಟ ತೊಡಿಸುವ ಹೊತ್ತಿನಲ್ಲಿ ಎರಡು ಪ್ರಶ್ನೆ ಕೇಳಿದರೆ ಎಲ್ಲರಿಗೂ ಲಾಭ.

ಪ್ರಶ್ನೆ ಸಣ್ಣದಾಗಿ, ಖಚಿತವಾಗಿರಲಿ. "ಶಿಕ್ಷಣಕ್ಕೆ ಏನು ಮಾಡುತ್ತೀರಿ?" ಎಂದರೆ ಭಾಷಣ ಸಿಗುತ್ತದೆ. "ಮಕ್ಕಳ ಸಂಖ್ಯೆ ಇಳಿದಿರುವ ಶಾಲೆಯನ್ನು ಮುಚ್ಚುವ ಪ್ರಸ್ತಾಪ ಬಂದರೆ ಪರವೋ ವಿರೋಧವೋ?" ಎಂದರೆ ಉತ್ತರ ಸಿಗುತ್ತದೆ, ಇಲ್ಲವೇ ಉತ್ತರ ತಪ್ಪಿಸುವುದು ಕಾಣುತ್ತದೆ. ಲೀಗ್ ಆಫ್ ವಿಮೆನ್ ವೋಟರ್ಸ್ ನಡೆಸುವ ಸಭೆಗಳಿಗೆ ಹೋದರೆ ಒಳ್ಳೆಯದು, ಅವರು ಅಭ್ಯರ್ಥಿಗಳನ್ನು ಬೆಂಬಲಿಸುವುದಿಲ್ಲ.

ಇನ್ನೂ ಒಳಗಿಳಿಯುವ ಹಂಬಲ ಇದ್ದವರಿಗೆ: ಡೆಮಾಕ್ರಟಿಕ್ ಪಕ್ಷದ ರಾಜ್ಯ ಸಮಾವೇಶದ ಪ್ರತಿನಿಧಿಗಳಲ್ಲಿ ಪ್ರತಿ ಅಸೆಂಬ್ಲಿ ಕ್ಷೇತ್ರಕ್ಕೆ 14 ಮಂದಿಯನ್ನು ಪಕ್ಷದ ಸಾಮಾನ್ಯ ಮತದಾರರೇ ಆರಿಸುತ್ತಾರೆ. ಮತ ಹಾಕುವವರು ಕಡಿಮೆ. ಪಕ್ಷದ ಅಧಿಕೃತ ಬೆಂಬಲ ಯಾರಿಗೆ ಎಂಬುದರಲ್ಲಿ ಈ ಪ್ರತಿನಿಧಿಗಳ ಮಾತು ನಡೆಯುತ್ತದೆ.

ಹೆಜ್ಜೆ 8: ಮತ ಹಾಕಿ, ಸಹಿ ಸರಿಯಾಗಿರಲಿ

ನಮ್ಮ ಮನೆಗಳಲ್ಲಿ ಒಂದು ಅಭ್ಯಾಸ ಇದೆ. ಮನೆಯಲ್ಲಿ ರಾಜಕೀಯ ಓದುವವರೊಬ್ಬರು ಎಲ್ಲರ ಬ್ಯಾಲಟನ್ನೂ ಮುಂದಿಟ್ಟುಕೊಂಡು ಗುರುತು ಹಾಕಿ, "ಅಮ್ಮಾ, ಇಲ್ಲಿ ಸಹಿ ಹಾಕು" ಅನ್ನುತ್ತಾರೆ. ಬೇಡ. ಓದಲು ಕಷ್ಟವಾಗುವ ಹಿರಿಯರಿಗೆ ನೆರವು ನೀಡಲು ಕಾನೂನಿನಲ್ಲಿ ಅವಕಾಶ ಇದೆ, ಅವರ ಮಾಲೀಕರು ಅಥವಾ ಯೂನಿಯನ್‌ನವರು ಬಿಟ್ಟು ಅವರಿಗೆ ಬೇಕಾದವರು ಸಹಾಯ ಮಾಡಬಹುದು. ಆದರೆ ಆಯ್ಕೆ ಅವರದ್ದೇ. ಕನ್ನಡದಲ್ಲಿ ಓದಿ ಹೇಳಿ, ಅಮ್ಮ ನಿಮಗೆ ವಿರುದ್ಧವಾದ ಹೆಸರು ಹೇಳಿದರೂ ಅದಕ್ಕೇ ಗುರುತು ಹಾಕಿ.

ಸಹಿ ಅವರೇ ಹಾಕಬೇಕು, ಅದೂ ದಾಖಲೆಯಲ್ಲಿರುವಂತೆಯೇ. ಕೌಂಟಿಯವರು ಲಕೋಟೆಯ ಸಹಿಯನ್ನು ನೋಂದಣಿ ಮತ್ತು ಡಿಎಂವಿ ದಾಖಲೆಯ ಸಹಿಗೆ ಹೋಲಿಸುತ್ತಾರೆ. ಲೈಸೆನ್ಸ್‌ನಲ್ಲಿ ಕನ್ನಡದಲ್ಲಿ ಸಹಿ ಇದ್ದರೆ ಲಕೋಟೆಯಲ್ಲೂ ಕನ್ನಡದಲ್ಲೇ ಹಾಕಿ. ಸಿಟಿಜನ್‌ಶಿಪ್ ಸಮಯದಲ್ಲಿ ಇನಿಷಿಯಲ್ ಬಿಡಿಸಿ, ತಂದೆಯ ಹೆಸರೋ ಊರ ಹೆಸರೋ ಸೇರಿಸಿ ಹೆಸರು ತಿದ್ದಿಸಿಕೊಂಡವರ ಸಹಿಯೂ ಬದಲಾಗಿರುತ್ತದೆ. ಅಂಥವರು ನೋಂದಣಿಯನ್ನು ಹೊಸ ಸಹಿಯೊಂದಿಗೆ ಮತ್ತೊಮ್ಮೆ ಸಲ್ಲಿಸುವುದು ಕ್ಷೇಮ. ಗಂಡ ಹೆಂಡತಿ ಲಕೋಟೆ ಅದಲುಬದಲಾಗುವುದೂ ಸಾಮಾನ್ಯ. ಹೊಂದಿಕೆಯಾಗದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ, ಸಹಿ ಮಾಡಿ ಕೂಡಲೇ ವಾಪಸ್ ಕಳಿಸಿದರೆ ಮತ ಉಳಿಯುತ್ತದೆ.

ಅಂಚೆಗಿಂತ ಡ್ರಾಪ್ ಬಾಕ್ಸ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಕಡೆಯ ದಿನ ಅಂಚೆಗೆ ಹಾಕಿದ ಲಕೋಟೆಗೆ ಅದೇ ದಿನದ ಮೊಹರು ಬೀಳುತ್ತದೆ ಎಂಬ ಖಾತ್ರಿಯಿಲ್ಲ. ಲೈಬ್ರರಿ, ಸಿಟಿ ಹಾಲ್ ಮುಂದಿನ ಡಬ್ಬಿಗೆ ಚುನಾವಣೆಯ ದಿನ ರಾತ್ರಿ 8ರವರೆಗೆ ಹಾಕಬಹುದು. ಖುದ್ದಾಗಿ ಹೋಗುವವರು 8ಕ್ಕೆ ಸಾಲಿನಲ್ಲಿ ನಿಂತಿದ್ದರೆ ಸಾಕು. "ವೇರ್ಸ್ ಮೈ ಬ್ಯಾಲಟ್" ಸೇವೆಗೆ ಸೇರಿದರೆ ಲಕೋಟೆ ತಲುಪಿದ್ದು, ಎಣಿಕೆಗೆ ಹೋದದ್ದು ಎಲ್ಲಕ್ಕೂ ಫೋನಿಗೆ ಸಂದೇಶ ಬರುತ್ತದೆ.

ಬೇರೆ ರಾಜ್ಯದಲ್ಲಿದ್ದರೆ

ಟೆಕ್ಸಾಸ್‌ನಲ್ಲಿ ಪ್ರೈಮರಿ ಮಾರ್ಚ್‌ಗೆ. ಯಾವ ಪಕ್ಷದ್ದಕ್ಕೆ ಬೇಕಾದರೂ ಹಾಕಬಹುದು, ಆದರೆ ಒಂದಕ್ಕೇ. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರೆ ಮೇ ತಿಂಗಳಲ್ಲಿ ಮೊದಲಿಬ್ಬರ ನಡುವೆ ಮತ್ತೊಂದು ಸುತ್ತು (ರನ್‌ಆಫ್), ಆಗ ಪಕ್ಷ ಬದಲಿಸುವಂತಿಲ್ಲ. ನ್ಯೂಯಾರ್ಕ್‌ನಲ್ಲಿ ಪ್ರೈಮರಿ ಆಯಾ ಪಕ್ಷದವರಿಗಷ್ಟೇ, ಪಕ್ಷ ಬದಲಿಸುವವರು ಫೆಬ್ರವರಿ 14ರೊಳಗೆ ಬದಲಿಸಿಕೊಂಡಿರಬೇಕು. ನ್ಯೂಜೆರ್ಸಿಯಲ್ಲಿ ಕೌಂಟಿ ಪಕ್ಷದ ಮುಖಂಡರು ಬೆಂಬಲಿಸಿದವರನ್ನು ಬ್ಯಾಲಟ್‌ನ ಒಂದೇ ಸಾಲಿನಲ್ಲಿ ಮೆರೆಸುವ "ಕೌಂಟಿ ಲೈನ್" ಪದ್ಧತಿ ಇತ್ತು. ಆಗ ಅಮೆರಿಕ ಸೆನೆಟ್‌ಗೆ ಸ್ಪರ್ಧಿಸುತ್ತಿದ್ದ ಆ್ಯಂಡಿ ಕಿಮ್ ಹೂಡಿದ ಮೊಕದ್ದಮೆಯಲ್ಲಿ 2024ರ ಮಾರ್ಚ್‌ನಲ್ಲಿ ಫೆಡರಲ್ ಕೋರ್ಟ್ ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಅದನ್ನು ತಡೆಯಿತು.

ಮಿಶಿಗನ್‌ನಲ್ಲಿ ಆಗಸ್ಟ್‌ಗೆ. ಒಂದೇ ಬ್ಯಾಲಟ್‌ನಲ್ಲಿ ಎರಡು ಪಕ್ಷದ ಕಾಲಂ ಇರುತ್ತವೆ. ಎರಡರಲ್ಲೂ ಗುರುತು ಹಾಕಿದರೆ ಪಕ್ಷದ ಮತಗಳೆಲ್ಲ ವ್ಯರ್ಥ. ಅಲ್ಲಿ ಅರ್ಧದ ನಿಯಮ ಇಲ್ಲ, ಹೆಚ್ಚು ಪಡೆದವರೇ ಗೆದ್ದಂತೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಸ್ವಂತ ಹಣ ಸುರಿದು ಗವರ್ನರ್ ಪ್ರೈಮರಿಗೆ ನಿಂತು ಮೂರನೆಯವರಾದರು. ಆಮೇಲೆ ರಾಜ್ಯ ಶಾಸಕರಾಗಿ, 2022ರಲ್ಲಿ ಡೆಟ್ರಾಯ್ಟ್‌ನ ಕಾಂಗ್ರೆಸ್ ಕ್ಷೇತ್ರದಲ್ಲಿ ಅಭ್ಯರ್ಥಿಗಳು ಕಿಕ್ಕಿರಿದಿದ್ದ ಪ್ರೈಮರಿಯನ್ನು ಶೇ 28ರ ಆಸುಪಾಸಿನ ಮತದಲ್ಲಿ ಗೆದ್ದರು. ಡೆಮಾಕ್ರಟರ ಭದ್ರಕೋಟೆಯಾದ ಅಲ್ಲಿ ನವೆಂಬರ್ ನೆಪಮಾತ್ರ.

ಹೆಜ್ಜೆ 9: ಫಲಿತಾಂಶದ ರಾತ್ರಿ ನಿದ್ದೆ ಮಾಡಿ

ಕ್ಯಾಲಿಫೋರ್ನಿಯಾದಲ್ಲಿ ಎಣಿಕೆ ವಾರಗಟ್ಟಲೆ ನಡೆಯುತ್ತದೆ. ಮೊದಲ ರಾತ್ರಿ ಬರುವುದು ಬೇಗ ಕಳಿಸಿದವರ ಮತ, ಕಡೆಯ ದಿನ ಡಬ್ಬಿಗೆ ಬಿದ್ದವು ಆಮೇಲೆ. ಮುಂದಿದ್ದವರು ಹಿಂದೆ ಬಿದ್ದರೆ ಅದು ಅಕ್ರಮವಲ್ಲ, ಎಣಿಕೆಯ ಕ್ರಮ. ಎಣಿಕೆಯನ್ನು ಕೌಂಟಿ ಕಚೇರಿಗೆ ಹೋಗಿ ಯಾರು ಬೇಕಾದರೂ ನೋಡಬಹುದು.

ಫಲಿತಾಂಶ ಪ್ರಮಾಣೀಕೃತವಾದ ಮೇಲೆ ನಿಮ್ಮ ಬ್ಯಾಲಟ್‌ನ ಪ್ರತಿ ಹುದ್ದೆಯ ಮುಂದೆ ಬರೆದಿಟ್ಟುಕೊಳ್ಳಿ: ಮುಗಿದದ್ದು ಯಾವುದು, ನವೆಂಬರ್‌ಗೆ ಹೋದದ್ದು ಯಾವುದು. ಸನ್ನಿವೇಲ್, ಕ್ಯುಪರ್ಟಿನೋ, ಫ್ರೀಮಾಂಟ್‌ನವರಿಗೆ ಸಿಟಿ ಕೌನ್ಸಿಲ್, ಶಾಲಾ ಮಂಡಳಿಯ ನಾಮಪತ್ರಗಳು ಶುರುವಾಗುವುದು ಜುಲೈ ನಡುವಿಗೆ, ಮುಗಿಯುವುದು ಆಗಸ್ಟ್‌ನಲ್ಲಿ. ನೀವೇ ನಿಲ್ಲುವ ಯೋಚನೆ ಇದ್ದರೆ ಸಿಟಿ ಕ್ಲರ್ಕ್ ಕಚೇರಿಗೆ ಹೋಗಿ ನಾಮಪತ್ರ ಕೇಳುವ ಸಮಯ ಅದು.